ಎಡಗೆನ್ನೆ, ಹದಿನೇಳು ನಿಮಿಷ

ಜನವರಿ 4, 2016

ಮಾವನಿಗೆ,

ಲಕೋಟೆಯ ಮೇಲಿನ ಅಕ್ಷರ ಕಂಡ ಕೂಡಲೇ ಇದು ಯಾರ ಕೈಬರಹವೆಂದು ನಿಮಗೆ ತಿಳಿದಿರುತ್ತದೆ. ಹರಿದು ಹಾಕುವ ಮೊದಲು ಒಂದು ಪುಟವನ್ನಾದರೂ ಓದಿ. ಫೋನ್ ಮಾಡಿದರೆ ನನ್ನ ದನಿ ಕೇಳಿದ್ದೇ ತಡ, ಇಟ್ಟುಬಿಡುತ್ತೀರಿ. ಪತ್ರಕ್ಕೆ ಹಾಗೆ ಮಾಡಲು ಬರುವುದಿಲ್ಲ, ಅದು ಮೇಜಿನ ಮೇಲೆ ಬಿದ್ದುಕೊಂಡೇ ಇರುತ್ತದೆ.

ಸೋದರಸೊಸೆ ಎಂದೂ ನೋಡದೆ ನೀವು ನನ್ನನ್ನು ನಿಮ್ಮ ಫೋಟೊ ಸ್ಟುಡಿಯೊದಿಂದ ಹೊರಗೆ ಕಳಿಸಿ ಹತ್ತೊಂಬತ್ತು ವರ್ಷವಾಯಿತು. ತಪ್ಪು ನನ್ನದು ಎನ್ನುತ್ತೀರಿ, ಅರ್ಧ ಒಪ್ಪುತ್ತೇನೆ. ನಿಮ್ಮನ್ನು ಕೇಳದೆ ನೀವು ತೆಗೆದ ಭಾವಚಿತ್ರಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿದೆ. ಆಗಿನ ಮೋಡೆಮ್ ಎಂಥದ್ದೆಂದರೆ, ಒಂದು ಚಿತ್ರ ಪೂರ್ತಿ ಇಳಿಯುವಷ್ಟರಲ್ಲಿ ಕಾಫಿ ಕುಡಿದು ಲೋಟವನ್ನೂ ತೊಳೆದಿಡಬಹುದಿತ್ತು. ಹಾಗಾಗಿ ಚಿತ್ರಗಳನ್ನು ಹಿಂಡಿ ಹಿಂಡಿ ಚಿಕ್ಕದು ಮಾಡಿದ್ದೆ. ನೀವು ಕಂಪ್ಯೂಟರ್ ಪರದೆಯ ಮುಂದೆ ನಿಂತು, "ಮೂರು ಗಂಟೆ ಕೂತು ಪೆನ್ಸಿಲಿನಲ್ಲಿ ತಿದ್ದಿದ ಮುಖ ಕಣೇ ಇದು! ಇಟ್ಟಿಗೆ ಗೋಡೆ ಮಾಡಿಟ್ಟಿದ್ದೀಯಲ್ಲ!" ಎಂದಿರಿ. ನಾನು ಸುಮ್ಮನಿರಬೇಕಿತ್ತು. "ಇನ್ನೈದು ವರ್ಷಕ್ಕೆ ನಿಮ್ಮ ಪೆನ್ಸಿಲ್ ಯಾರಿಗೂ ಬೇಡ ಮಾವ" ಎಂದುಬಿಟ್ಟೆ. ಐದಲ್ಲ, ಹತ್ತು ವರ್ಷ ಹಿಡಿಯಿತು. ಆ ಮಾತು ನಿಜವಾಯಿತು, ಆದರೂ ಅದನ್ನು ನಿಮ್ಮ ಮುಖದ ಮೇಲೆ ಆಡಬಾರದಿತ್ತು.

ಈಗ ಬರೆದದ್ದು ಒಂದು ಕೆಲಸಕ್ಕಾಗಿ. ನಾನು ಹದಿನಾರು ವರ್ಷದಿಂದ ಆಸ್ಪತ್ರೆಯಲ್ಲಿದ್ದೇನೆ. ಡಾಕ್ಟರುಗಳು ಹೇಳುವುದನ್ನು ರೋಗಿಗಳಿಗೆ ಅರ್ಥವಾಗುವ ಹಾಗೆ ಬರೆದು, ಚಿತ್ರ ಹಾಕಿ, ಮಡಚಿ ಜೇಬಿಗೆ ಸೇರಿಸುವ ಕರಪತ್ರ ಮಾಡುವುದು ನನ್ನ ಉದ್ಯೋಗ. ಮೇ ಕೊನೆಗೆ ನಿವೃತ್ತಿ. ಕೊನೆಯ ಕರಪತ್ರ ಚರ್ಮದ ಮೇಲಿನ ಮಚ್ಚೆಗಳ ಬಗ್ಗೆ. ಯಾವ ಮಚ್ಚೆ ಸಾಧು, ಯಾವುದು ಬೆಳೆಯುತ್ತ ಕೆಡುತ್ತದೆ ಎಂದು ಜನಕ್ಕೆ ತಿಳಿಸಬೇಕು. ಸಮಿತಿಯವರು ಬಣ್ಣದ ರೇಖಾಚಿತ್ರ ಬರೆಸಿದ್ದಾರೆ. ಅದನ್ನು ಹಿಡಿದು ಹೊರರೋಗಿಗಳ ಬೆಂಚಿನ ಮೇಲೆ ಕೂತಿದ್ದ ಇಪ್ಪತ್ತು ಜನಕ್ಕೆ ತೋರಿಸಿದೆ. ಹದಿನೆಂಟು ಜನ, "ನಂದು ಹೀಗಿಲ್ಲ ಬಿಡಿ" ಎಂದು ವಾಪಸು ಕೊಟ್ಟರು. ಒಬ್ಬರು, "ಇದು ದ್ರಾಕ್ಷಿನಾ?" ಎಂದರು.

ನನಗೆ ಬೇಕಾದದ್ದು ಒಂದೇ ಮುಖ, ಒಂದೇ ಬೆಳಕು, ಒಂದೇ ದೂರ, ಹನ್ನೆರಡು ವರ್ಷ. ಅಂಥದ್ದು ಇರುವುದು ನಿಮ್ಮಲ್ಲಿ ಮಾತ್ರ. ಸ್ಟುಡಿಯೊ ಶುರುವಾದ ದಿನ ಪ್ರತಿವರ್ಷ ನಮ್ಮನ್ನೆಲ್ಲ ಅದೇ ಸ್ಟೂಲಿನ ಮೇಲೆ ಕೂರಿಸಿ ತೆಗೆಯುತ್ತಿದ್ದಿರಲ್ಲ, ಅವು. ಪ್ರಿಂಟುಗಳು ನನ್ನಲ್ಲೇ ಇವೆ. ಆದರೆ ಅವುಗಳಲ್ಲಿ ನನ್ನ ಎಡಗೆನ್ನೆ ತೊಳೆದ ತಟ್ಟೆಯ ಹಾಗಿದೆ. ನೆಗೆಟಿವ್ ಮೇಲೆ ಬಿಳಿಚಾಗಿ ಕಾಣುವ ಮಚ್ಚೆಯ ಜಾಗಕ್ಕೆ ನೀವು ಪೆನ್ಸಿಲ್ ತುಂಬಿ ಮಾಯ ಮಾಡಿದ್ದೀರಿ. ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಪೆನ್ಸಿಲ್ ಹೋಗುತ್ತದೆ, ಮಚ್ಚೆ ಮರಳಿ ಬರುತ್ತದೆ ಎಂದು ಕಲಿಸಿದವರೂ ನೀವೇ.

ನನ್ನ ಹನ್ನೆರಡು ನೆಗೆಟಿವ್‌ಗಳನ್ನು ಒರೆಸಿ ಕೊಡುವಿರಾ? ಸಮಿತಿ ಮಾರ್ಚ್ ಹತ್ತಕ್ಕೆ ಸೇರುತ್ತದೆ. ಅಷ್ಟರೊಳಗೆ ಸಿಗದಿದ್ದರೆ ದ್ರಾಕ್ಷಿಯೇ ಅಚ್ಚಿಗೆ ಹೋಗುತ್ತದೆ.

ಅತ್ತೆಯ ಮಂಡಿನೋವು ಹೇಗಿದೆ?

ಇಂತಿ,
ಬಾಗಿಲು
(ಕೆಲಸಕ್ಕೆ ಸೇರಿದ ಮೊದಲ ದಿನವೇ ಡಾರ್ಕ್‌ರೂಮಿನ ಬಾಗಿಲು ತೆಗೆದು ಒಂದು ಡಬ್ಬಿ ಕಾಗದ ಹಾಳು ಮಾಡಿದ್ದಕ್ಕೆ ನೀವಿಟ್ಟ ಹೆಸರು. ಇಲ್ಲಿ ಯಾರೂ ಹಾಗೆ ಕರೆಯುವುದಿಲ್ಲ.)

*

ಜನವರಿ 15, 2016

ನಿನ್ನ ಪತ್ರ ತಲುಪಿತು.

ನೆಗೆಟಿವ್‌ಗಳು ಇಲ್ಲ. ಸ್ಟುಡಿಯೊ ಮುಚ್ಚಿದಾಗ ಎಲ್ಲವನ್ನೂ ಫಿಲ್ಮಿನಿಂದ ಬೆಳ್ಳಿ ತೆಗೆಯುವವನಿಗೆ ಕೊಟ್ಟೆ. ಇದ್ದಿದ್ದರೂ ಒರೆಸುತ್ತಿರಲಿಲ್ಲ. ತಿದ್ದದ ಒಂದು ಮುಖವೂ ನನ್ನ ಸ್ಟುಡಿಯೊದಿಂದ ಆಚೆ ಹೋಗಿಲ್ಲ. ಗಿರಾಕಿ ನಮ್ಮ ಮುಂದೆ ಕೂರುವುದು ನಂಬಿಕೆಯಿಂದ. ಊರಿಗೆಲ್ಲ ಹಂಚುವ ಚೀಟಿಯಲ್ಲಿ ನಿನ್ನ ಮುಖದ ಕಲೆ ತೋರಿಸಬೇಕೆಂದು ನಿನಗೆ ಯಾಕೆ ಹಠವೋ ತಿಳಿಯದು. ಪೆನ್ಸಿಲ್ ಯಾರಿಗೂ ಬೇಡ ಎಂದವಳಿಗೆ ಈಗ ಪೆನ್ಸಿಲಿನ ಕೆಳಗಿರುವುದು ಬೇಕಾಗಿದೆ.

ಮಂಡಿನೋವು ಹಾಗೇ ಇದೆ.

ಮಾವ

ಚಿನ್ನಾ, ಅಂಚೆಗೆ ಹಾಕು ಅಂತ ನನ್ನ ಕೈಗೆ ಕೊಟ್ಟಿದ್ದಾರೆ, ಅಂಟಿಸೋ ಮುಂಚೆ ಎರಡು ಸಾಲು ಗೀಚ್ತಿದ್ದೀನಿ. ಬೆಳ್ಳಿಯವನಿಗೆ ಕೊಟ್ಟೆ ಅನ್ನೋದು ಶುದ್ಧ ಸುಳ್ಳು. ಮಂಚದ ಕೆಳಗೆ ಆರು ಟ್ರಂಕಿವೆ, ಕಸ ಗುಡಿಸೋಕೆ ಹೋದ್ರೆ ನನ್ನ ಮಂಡಿಗೆ ಬಡೀತವೆ. ನೀನು ಬಿಡಬೇಡ. ಆದ್ರೆ ನಿಜ ಹೇಳು, ಬರೀ ಕೆಲಸಕ್ಕೆ ಅಂತ ನೀನು ಈ ಮನುಷ್ಯನ ಹತ್ರ ಕೈ ಚಾಚೋಳಲ್ಲ. ಏನಾಗಿದೆ? – ಅತ್ತೆ

*

ಜನವರಿ 24, 2016

ಮಾವನಿಗೆ, ಅತ್ತೆಗೂ,

ಅತ್ತೆಯ ಕಣ್ಣಿಗೆ ಮಣ್ಣೆರಚಲು ನನಗೆ ಯಾವತ್ತೂ ಆಗಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡದೆ ಹೇಳುತ್ತೇನೆ.

ನಿಮ್ಮನ್ನು ಬಿಟ್ಟ ಮೇಲೆ ಎರಡು ವರ್ಷ ಅಂಗಡಿ, ಶಾಲೆ, ಲಾಡ್ಜು ಎನ್ನದೆ ಕೇಳಿದವರಿಗೆಲ್ಲ ವೆಬ್ ಪುಟ ಮಾಡಿಕೊಟ್ಟೆ. ಪುಟವೂ ನಾನೇ, ಫೋಟೊವೂ ನಾನೇ. 1999ರಲ್ಲಿ ಈ ಆಸ್ಪತ್ರೆಯ ಮೊದಲ ಪುಟ ಮಾಡುವ ಕೆಲಸ ಸಿಕ್ಕಿತು. ಒಂದೊಂದೇ ವಿಭಾಗದ ಡಾಕ್ಟರುಗಳ ಫೋಟೊ ತೆಗೆಯುತ್ತ ಚರ್ಮದ ಡಾಕ್ಟರ ಕೋಣೆಗೆ ಹೋದೆ. ಅವರನ್ನು ಕಿಟಕಿಯ ಹತ್ತಿರ ಕೂರಿಸಿ, ಗಲ್ಲ ಸ್ವಲ್ಪ ಎತ್ತಿ ಎಂದೆ. ಆಯಮ್ಮ ಎತ್ತಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಆ ಕ್ಯಾಮೆರಾ ಕೆಳಗಿಡಿ. ಬೆಳಕಿಗೆ ಬನ್ನಿ" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ. ನನ್ನ ಗಲ್ಲ ಹಿಡಿದು ತಿರುಗಿಸಿ, "ಈ ಮಚ್ಚೆ ಯಾವಾಗಿಂದ ಇದೆ?" ಎಂದು ಕೇಳಿದರು.

"ಇತ್ತೀಚೆಗೆ ಬಂದಿದ್ದು" ಎಂದೆ. ಸುಳ್ಳು ಹೇಳಲಿಲ್ಲ ಮಾವ, ನಿಜವಾಗಿಯೂ ಹಾಗೆಯೇ ನಂಬಿದ್ದೆ. ಮರುದಿನ ನನ್ನ ವಾದಕ್ಕೆ ಸಾಕ್ಷಿಯಾಗಿ ನಿಮ್ಮ ಪ್ರಿಂಟುಗಳನ್ನೂ ಹೊತ್ತುಕೊಂಡು ಹೋದೆ. ನೋಡಿ, ಹನ್ನೆರಡು ವರ್ಷ, ಎಲ್ಲೂ ಇಲ್ಲ! ಅವರು ಒಂದೊಂದನ್ನೇ ನೋಡಿ, "ಎಷ್ಟು ಚೆನ್ನಾಗಿದೆ ಚರ್ಮ" ಎಂದರು. ಮನೆಗೆ ಬರುವ ಬಸ್ಸಿನಲ್ಲಿ ನಿಮ್ಮ ಪೆನ್ಸಿಲ್ ಒಮ್ಮೆಲೇ ನೆನಪಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಕೆನ್ನೆಯ ಮಚ್ಚೆಗೆ ಕನ್ನಡಿ ಬೇಕೇ ಬೇಕು, ನಾನೋ ಕನ್ನಡಿ ಬಿಟ್ಟು ನಿಮ್ಮ ಪ್ರಿಂಟು ನೋಡಿಕೊಂಡು ಬದುಕಿದ್ದೆ. ಪೆನ್ಸಿಲ್ ಚೂಪು ಮಾಡಿಕೊಟ್ಟವಳು ನಾನೇ, ಮೋಸ ಹೋದವಳೂ ನಾನೇ.

ಅದು ಕೆಟ್ಟ ಮಚ್ಚೆಯೇ ಆಗಿತ್ತು. ಕ್ಯಾನ್ಸರ್. ಕತ್ತರಿಸಿ ತೆಗೆದರು. ಐದು ವರ್ಷ ತಪಾಸಣೆಗೆ ಅಲೆದೆ. ಈಗ ಗಟ್ಟಿಮುಟ್ಟಾಗಿದ್ದೇನೆ, ಮೂರು ಮಹಡಿ ಮೆಟ್ಟಿಲು ಹತ್ತಿದರೂ ಏದುಸಿರಿಲ್ಲ. ಕೆನ್ನೆಯ ಮೇಲೆ ಹೆಬ್ಬೆರಳಿನಷ್ಟು ಉದ್ದದ ಗೆರೆಯಿದೆ, ಅಷ್ಟೆ. ಆ ಡಾಕ್ಟರೇ ನನ್ನನ್ನು ಇಲ್ಲಿ ಕೆಲಸಕ್ಕೆ ಇಟ್ಟುಕೊಂಡದ್ದು. "ನಂಗೆ ರೋಗ ಗೊತ್ತು, ಹೇಳೋಕೆ ಬರಲ್ಲ. ನಿಮಗೆ ಹೇಳೋಕೆ ಬರುತ್ತೆ" ಎಂದರು. ನನಗೆ ಬರುತ್ತದೆ ಮಾವ. ಜಂಬವಲ್ಲ. ನಿಮ್ಮಲ್ಲಿ ಮುಖ ನೋಡಲು ಕಲಿತೆ, ಮೋಡೆಮ್ಮಿನ ಕಾಲದಲ್ಲಿ ಕಮ್ಮಿ ಜಾಗದಲ್ಲಿ ಮುಖ್ಯವಾದದ್ದನ್ನು ಉಳಿಸಲು ಕಲಿತೆ. ಇಲ್ಲಿ ಬೇಕಾದದ್ದು ಅವೆರಡೇ.

ಆವತ್ತೇ ತಿಳಿಸಬೇಕಿತ್ತು ಎಂದು ಅತ್ತೆ ಬೈಯುತ್ತಾರೆ. ತಿಳಿಸಲು ಫೋನ್ ಮಾಡಿದ್ದೆ. ನೀವು ಇಟ್ಟಿರಿ. ಆಮೇಲೆ ನನಗೂ ಮೂಗಿನ ತುದಿಯಲ್ಲಿ ಕೋಪ.

ಇಂತಿ,
ಬಾಗಿಲು

*

ಫೆಬ್ರವರಿ 22, 2016

ಮಗಳೇ,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಬರೆಯಲು ಕೂತರೆ ಅಕ್ಷರ ಹೊರಡುತ್ತಿರಲಿಲ್ಲ.

ಟ್ರಂಕು ತೆಗೆದೆ. ನಿನ್ನ ಹನ್ನೆರಡೂ ಇವೆ. ಪ್ರತಿ ನೆಗೆಟಿವ್‌ನ ಕಾಗದದ ಚೀಲದ ಮೇಲೆ ತಿದ್ದಿದ ಜಾಗ, ಪೆನ್ಸಿಲ್, ಹಿಡಿದ ಹೊತ್ತು ಬರೆಯುವುದು ನನ್ನ ಪದ್ಧತಿ, ನಿನಗೆ ಗೊತ್ತು. ಮರುಪ್ರಿಂಟು ಕೇಳಿದಾಗ ಎಷ್ಟು ಹೊತ್ತಿನ ಕೆಲಸ ಎಂದು ತಿಳಿಯಲಿ ಎಂದು ಬರೆಯುತ್ತಿದ್ದೆ. ನಿನ್ನ ಚೀಲಗಳನ್ನು ವರ್ಷದ ಪ್ರಕಾರ ಮೇಜಿನ ಮೇಲೆ ಸಾಲಾಗಿ ಇಟ್ಟು ಓದಿದೆ.

1985. ಎಡಗೆನ್ನೆ, ಮಚ್ಚೆ, 4 ನಿಮಿಷ.
ಮುಂದಿನ ಎರಡು ವರ್ಷ 4, 4. ಆಮೇಲೆ 5, 5. ಆಮೇಲೆ 6, 6. 1992ರಲ್ಲಿ 8. ಆಮೇಲೆ 9, 11, 14.
1996. ಎಡಗೆನ್ನೆ, ಮಚ್ಚೆ, 17 ನಿಮಿಷ.

ಪ್ರತಿವರ್ಷ ಭೂತಗನ್ನಡಿ ಹಿಡಿದು, ಇಷ್ಟು ಹತ್ತಿರದಿಂದ ಆ ಮಚ್ಚೆ ನೋಡಿದವನು ಪ್ರಪಂಚದಲ್ಲಿ ನಾನೊಬ್ಬನೇ. ಅದು ಬೆಳೆಯುತ್ತಿದೆ ಎಂದು ನನ್ನ ಕೈಗೆ ಗೊತ್ತಿತ್ತು, ಕೈ ಬರೆದೂ ಇಟ್ಟಿತ್ತು. ತಲೆಗೆ ಮಾತ್ರ ಹೋಗಲಿಲ್ಲ. ದೀಪದ ಬುಡದಲ್ಲೇ ಕತ್ತಲು. ಕೊನೆಯ ವರ್ಷ ಹದಿನೇಳು ನಿಮಿಷ ಕೂತು ಮುಗಿಸಿ, ಪ್ರಿಂಟು ನೋಡಿ, ಏನು ಕೈಚಳಕ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡದ್ದು ಚೆನ್ನಾಗಿ ನೆನಪಿದೆ.

ಹತ್ತಿ, ಟರ್ಪೆಂಟೈನು ಎಲ್ಲ ತಂದಿಟ್ಟುಕೊಂಡೆ. ಒರೆಸಲು ಕೈ ಬರುತ್ತಿಲ್ಲ. ಒರೆಸಿದರೆ ನಾನು ಮುಚ್ಚಿಟ್ಟದ್ದು ಹನ್ನೆರಡು ಸಲ ಎದುರಿಗೆ ಬಂದು ನಿಲ್ಲುತ್ತದೆ. ನಿನ್ನ ಅತ್ತೆ ಒಂದು ವಾರದಿಂದ ನನ್ನ ಜೊತೆ ಜಗಳ ಆಡುವುದನ್ನೂ ಬಿಟ್ಟಿದ್ದಾಳೆ. ಅದು ಇನ್ನೂ ಕಷ್ಟವಾಗಿದೆ.

ತಪ್ಪಾಯಿತು.

ಮಾವ

*

ಫೆಬ್ರವರಿ 26, 2016

ಮಾವ,

ಈ ಪತ್ರವನ್ನು ತುರ್ತು ಅಂಚೆಗೆ ಹಾಕುತ್ತಿದ್ದೇನೆ, ನಿಂತುಕೊಂಡೇ ಓದಿ.

ಮೊದಲನೆಯದು: ಪ್ರತಿವರ್ಷ ಸ್ಟೂಲಿನಿಂದ ಇಳಿಯುವಾಗ, "ಮಾವ, ಮುಖ ಸ್ವಲ್ಪ ನೋಡ್ಕೊಳ್ಳಿ" ಎಂದು ತಿದ್ದಲು ಹೇಳುತ್ತಿದ್ದವಳು ಯಾರು? ನಾನು. ಹೇಳದ ಒಂದು ವರ್ಷವಿದ್ದರೆ ತೋರಿಸಿ. ತಪ್ಪು ಹಂಚುವುದಾದರೆ ಸಮನಾಗಿ ಹಂಚಿಕೊಳ್ಳೋಣ, ಪೂರ್ತಿ ಬಾಚಿಕೊಂಡು ದೊಡ್ಡ ಮನುಷ್ಯ ಆಗಬೇಡಿ.

ಇನ್ನೊಂದು, ಇದು ಮುಖ್ಯ. ನಿಮ್ಮ ಪತ್ರವನ್ನು ಚರ್ಮದ ಡಾಕ್ಟರಿಗೆ ಓದಿ ಹೇಳಿದೆ. ಅವರಿಗೆ ನಿವೃತ್ತಿಯಾಗಿದೆ, ವಾರಕ್ಕೊಮ್ಮೆ ಬರುತ್ತಾರೆ. ನಿಮಿಷಗಳ ಸಾಲು ಬಂದಾಗ, "ಇನ್ನೊಂದ್ಸಲ ಓದಿ" ಎಂದರು. ಎರಡನೆಯ ಸಲ ಓದುವಾಗ ಕನ್ನಡಕ ತೆಗೆದಿಟ್ಟರು. "ನಲವತ್ತು ವರ್ಷ ರೋಗಿಗಳನ್ನ ಕೇಳಿದ್ದೀನಿ, ಇದು ಬೆಳೀತಿದೆಯಾ ಅಂತ. ಒಬ್ಬರೂ ಸರಿಯಾಗಿ ಹೇಳಿಲ್ಲ. ಈ ಫೋಟೊದವರು ಗಡಿಯಾರ ಇಟ್ಟು ಬರೆದಿದ್ದಾರೆ!" ಎಂದರು. ನೀವು ಮುಚ್ಚಿಟ್ಟದ್ದನ್ನು ಮಾತ್ರ ನೋಡುತ್ತಿದ್ದೀರಿ. ನೀವು ಬರೆದಿಟ್ಟದ್ದೂ ಇದೆ. ಓದುವುದು ತಡವಾಯಿತು, ನಿಜ. ಆದರೆ ನಾನು ಬದುಕಿದ್ದೇನೆ, ಪತ್ರ ಬರೆಯುತ್ತಿದ್ದೇನೆ, ನಿಮ್ಮನ್ನು ಬೈಯುತ್ತಿದ್ದೇನೆ.

ಸಮಿತಿಗೆ ಹದಿಮೂರೇ ದಿನ ಮಿಕ್ಕಿದೆ. ನಿಮಗೆ ಆಗದಿದ್ದರೆ ಹೇಳಿ, ನಾನೇ ಬಂದು ಒರೆಸುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಹತ್ತೊಂಬತ್ತು ವರ್ಷದಿಂದ ನೆಗೆಟಿವ್ ಮುಟ್ಟಿಲ್ಲ.

ಇಂತಿ,
ಬಾಗಿಲು

*

ಮಾರ್ಚ್ 3, 2016

ನೀನು ಮುಟ್ಟುವುದೇ ಬೇಡ. ನಿನ್ನ ಕೈ ಮೊದಲಿಂದಲೂ ಭಾರ, ಅಂಚಿನಲ್ಲಿ ಗೀರು ಮಾಡುತ್ತೀಯ.

ಒರೆಸಿದ್ದೇನೆ. ಹನ್ನೆರಡೂ ಇದರ ಜೊತೆ ಇವೆ. ಹಿಂದೆ ಮುಂದೆ ರಟ್ಟು ಇಟ್ಟಿದ್ದೇನೆ, ಬ್ಲೇಡಿನಿಂದ ಕುಯ್ಯಬೇಡ, ದಾರ ಬಿಚ್ಚು. ಸ್ಕ್ಯಾನ್ ಮಾಡುವಾಗ ಹಿಂಡಬೇಡ. ಈ ಸಲ ಒಂದು ಚುಕ್ಕೆಯೂ ಕಳೆಯಬಾರದು.

1996ರದ್ದು ಒರೆಸುವಾಗ ಅತ್ತೆ ಪಕ್ಕದಲ್ಲಿ ನಿಂತಿದ್ದಳು. ಮಚ್ಚೆ ಮೇಲೆದ್ದು ಬಂದಾಗ ಭೂತಗನ್ನಡಿ ಅವಳ ಕೈಗೆ ಕೊಟ್ಟೆ. ಆಮೇಲೆ ಅವಳು, "ಇದೇ ನಮ್ಮ ಹುಡುಗಿ" ಎಂದಳು. ಸರಿಯಾಗಿಯೇ ಹೇಳಿದಳು ಅನ್ನಿಸಿತು.

ಮಾವ

*

ಮಾರ್ಚ್ 28, 2016

ಮಾವನಿಗೆ, ಅತ್ತೆಗೆ,

ದ್ರಾಕ್ಷಿ ಕಸದ ಬುಟ್ಟಿಗೆ ಹೋಯಿತು! ಸಮಿತಿಯಲ್ಲಿ ಒಬ್ಬರು, ಉದ್ಯೋಗಿಯ ಮುಖ ಹಾಕುವುದು ಸರಿಯಲ್ಲ ಎಂದು ತಕರಾರು ತೆಗೆದರು. "ಮುಖ ನಂದು ಸಾರ್, ಬಾಡಿಗೆಗೆ ತಂದಿದ್ದಲ್ಲ" ಎಂದೆ. ಸಹಿ ಹಾಕಿದರು.

ಕರಪತ್ರದ ಒಂದು ಪ್ರತಿ ಇಟ್ಟಿದ್ದೇನೆ. ಹನ್ನೆರಡು ಮುಖ ಸಾಲಾಗಿವೆ, ಪ್ರತಿಯೊಂದರ ಕೆಳಗೆ ವರ್ಷ ಮತ್ತು ನಿಮ್ಮ ನಿಮಿಷ. ಮೇಲೆ ಒಂದೇ ಸಾಲು: "ಈ ಮಚ್ಚೆಯನ್ನು ಫೋಟೊದಿಂದ ಅಳಿಸಲು ಪ್ರತಿವರ್ಷ ಹಿಡಿದ ಸಮಯ ಇದು. ನಿಮ್ಮ ಮಚ್ಚೆ ಬದಲಾಗುತ್ತಿದೆಯೇ? ಬೆಳಕಿಗೆ ಬನ್ನಿ, ನೋಡಿಕೊಳ್ಳಿ, ತೋರಿಸಿ." ಮತ್ತೆ ಬೆಂಚಿನ ಹತ್ತಿರ ಒಯ್ದು ಇಪ್ಪತ್ತು ಜನಕ್ಕೆ ಕೊಟ್ಟೆ. ಯಾರೂ ವಾಪಸು ಕೊಡಲಿಲ್ಲ. ಒಬ್ಬಾಕೆ ಕೊನೆಯ ಮುಖ ನೋಡಿ, ನನ್ನ ಮುಖ ನೋಡಿ, ತನ್ನ ಗಂಡನ ಅಂಗಿಯ ಕಾಲರು ಎಳೆದು ಕುತ್ತಿಗೆ ನೋಡತೊಡಗಿದಳು.

ಇಂತಿ,
ಬಾಗಿಲು

*

ಏಪ್ರಿಲ್ 19, 2016

ಮಗಳೇ,

ಚೀಟಿ ಚೆನ್ನಾಗಿದೆ. 1989ರ ಚಿತ್ರ ಒಂದು ಕೂದಲೆಳೆಯಷ್ಟು ಕಪ್ಪಾಗಿದೆ. ಮುಂದಿನ ಮುದ್ರಣದಲ್ಲಿ ಸರಿಮಾಡಿಸು.

ಅದನ್ನು ನೋಡಿದ ಮೇಲೆ ಒಂದು ಯೋಚನೆ ತಲೆ ತಿನ್ನತೊಡಗಿತು. ಆರು ಟ್ರಂಕು, ಮೂವತ್ತು ವರ್ಷ. ವರ್ಷ ವರ್ಷ ಬರುತ್ತಿದ್ದವರು ನೀನೊಬ್ಬಳೇ ಅಲ್ಲವಲ್ಲ. ಎಲ್ಲ ಚೀಲ ಹೊರಗೆ ತೆಗೆದು, ಅತ್ತೆ ಓದುತ್ತ ಹೋದಳು, ನಾನು ಹೆಸರಿನ ಪ್ರಕಾರ ಜೋಡಿಸಿದೆ. ಎರಡು ವಾರ ಹಿಡಿಯಿತು. ನಿಮಿಷ ಏರುತ್ತ ಹೋದವರು ನಾಲ್ವರು ಸಿಕ್ಕರು. ಇಬ್ಬರು ಊರಲ್ಲಿಲ್ಲ, ಮಕ್ಕಳಿಗೆ ಪತ್ರ ಹಾಕಿದೆ. ಒಬ್ಬರು ಮಚ್ಚೆಯನ್ನು ಆಗಲೇ ತೆಗೆಸಿದ್ದರು. ನಾಲ್ಕನೆಯವನು ನಮ್ಮ ಎದುರಿನ ಗಡಿಯಾರ ರಿಪೇರಿಯವನು. ಮೂಗಿನ ಬಲಗಡೆ, 3, 3, 4, 6, 9.

ನನಗೂ ಅವನಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ, ನಿನಗೆ ಗೊತ್ತಿರಲಾರದು. ಪಾಸ್‌ಪೋರ್ಟ್ ಫೋಟೊದಲ್ಲಿ ತಾನು ಹೆಣದ ಹಾಗೆ ಕಾಣುತ್ತೇನೆ ಎಂದ. ಇದ್ದದ್ದು ಬರುತ್ತದೆ ಎಂದೆ. ಅಲ್ಲಿಗೆ ಮುಗಿಯಿತು. ರಸ್ತೆ ದಾಟಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಅತ್ತೆ ಚಪ್ಪಲಿ ತಂದು ಕಾಲ ಹತ್ತಿರ ಇಟ್ಟಳು.

ಅವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತಿದ್ದ. ತಲೆ ಎತ್ತಲಿಲ್ಲ. "ಏನು?" ಎಂದ.

"ಬೆಳಕಿಗೆ ಬಾ" ಎಂದೆ.

"ಫೋಟೊ ತೆಗೀತೀಯಾ ಮತ್ತೆ?"

"ಮುಖ ನೋಡಬೇಕು."

"ಹನ್ನೊಂದು ವರ್ಷ ಆದ್ಮೇಲೆ ಮುಖ ನೋಡೋ ಆಸೆ ಬಂತಾ?"

ಚೀಲಗಳನ್ನು ಅವನ ಮೇಜಿನ ಮೇಲೆ, ಗಡಿಯಾರದ ಹಲ್ಲುಚಕ್ರಗಳ ನಡುವೆ ಸಾಲಾಗಿ ಇಟ್ಟೆ. ಪಕ್ಕದಲ್ಲಿ ನಿನ್ನ ಚೀಟಿ ಇಟ್ಟೆ. ನಿಮಿಷದ ಲೆಕ್ಕ ಅವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಬಹಳ ಹೊತ್ತು ನೋಡಿದ. ಆಮೇಲೆ ಮಸೂರ ತೆಗೆದು, ಎದ್ದು, ಬಾಗಿಲ ಹತ್ತಿರ ಬೆಳಕಿಗೆ ಬಂದು ನಿಂತ. ಎಪ್ಪತ್ತರ ಗಂಡಸು ಶಾಲೆಯ ಮಗುವಿನ ಹಾಗೆ ಮುಖ ಎತ್ತಿ ಹಿಡಿದಿದ್ದ. ಮಚ್ಚೆ ಈಗ ಕಾಳುಮೆಣಸಿನಷ್ಟಿದೆ, ಅಂಚು ಹರಿದಿದೆ.

ನಾಳೆ ಬಸ್ಸಿಗೆ ಅವನನ್ನು ಹತ್ತಿಸಿ ನಿನ್ನ ಆಸ್ಪತ್ರೆಗೆ ಕಳಿಸುತ್ತಿದ್ದೇನೆ. ಈ ಪತ್ರವನ್ನು ಅವನ ಕೈಯಲ್ಲೇ ಕೊಡುತ್ತೇನೆ. ಗೊಣಗುತ್ತಾನೆ, ಹೊಟ್ಟೆಗೆ ಹಾಕಿಕೋ.

ಮಾವ

*

ಮೇ 11, 2016

ಮಾವ,

ಗೊಣಗುತ್ತಾನೆ ಎಂದು ಬರೆದಿದ್ದಿರಿ, ಇಷ್ಟು ಎಂದು ಬರೆದಿರಲಿಲ್ಲ. ನಮ್ಮ ಆಸ್ಪತ್ರೆಯ ಒಂದು ಗೋಡೆಗಡಿಯಾರವೂ ಸರಿಯಿಲ್ಲವಂತೆ. ಎರಡನ್ನು ಇಳಿಸಿ ರಿಪೇರಿ ಮಾಡಿಯೇ ಬಿಟ್ಟರು.

ಪರೀಕ್ಷೆಯ ವರದಿ ಬಂತು. ಮಚ್ಚೆ ಕೆಟ್ಟದ್ದೇ, ಆದರೆ ಆಳಕ್ಕೆ ಇಳಿದಿರಲಿಲ್ಲ. ಪೂರ್ತಿ ತೆಗೆದಿದ್ದಾರೆ. ಇನ್ನೊಂದು ವರ್ಷ ಬಿಟ್ಟಿದ್ದರೆ ಈ ಮಾತು ಹೇಳುತ್ತಿರಲಿಲ್ಲ ಎಂದರು ಡಾಕ್ಟರು. ಮನೆಗೆ ಹೊರಡುವಾಗ ಗಡಿಯಾರದವರು ನನ್ನ ಹತ್ತಿರ, "ನಿಮ್ಮ ಮಾವನಿಗೆ ಹೇಳಿ, ಆ ಫೋಟೊ ಹೆಣದ ಹಾಗೇ ಇತ್ತು, ಆದ್ರೂ ಪರವಾಗಿಲ್ಲ" ಎಂದರು. ಹೇಳಿದ್ದೇನೆ.

ಮೂವತ್ತೊಂದಕ್ಕೆ ನನ್ನ ಕೊನೆಯ ದಿನ. ಆಮೇಲೆ ಏನು ಎಂದು ಎಲ್ಲರೂ ಕೇಳುತ್ತಿದ್ದಾರೆ. ನನಗೆ ಭಯವೇನಿಲ್ಲ, ಮೂರು ಕಸುಬು ಮಾಡಿದವಳು. ಆದರೆ ನಿಮ್ಮನ್ನು ಬಿಟ್ಟು ಬಂದ ದಿನದಿಂದ ಒಂದು ಸ್ಟೂಲು ಮನಸ್ಸಿನಲ್ಲಿ ಖಾಲಿ ಇದೆ. ಬರಲೇ?

ಇಂತಿ,
ಬಾಗಿಲು

*

ಮೇ 16, 2016

ಮಗಳೇ,

ಇದನ್ನೂ ಕೇಳಬೇಕೇ? ಜೂನ್ ನಾಲ್ಕು, ಸ್ಟುಡಿಯೊ ಶುರುವಾದ ದಿನ. ಬೆಳಗ್ಗೆ ಹತ್ತಕ್ಕೆ ಕಿಟಕಿಯ ಬೆಳಕು ಸರಿಯಾಗಿರುತ್ತದೆ, ತಡ ಮಾಡಬೇಡ. ದೊಡ್ಡ ಕ್ಯಾಮೆರಾದ ಧೂಳು ಒರೆಸಿದ್ದೇನೆ. ಮಿಕ್ಕಿದ್ದ ಫಿಲ್ಮು ಹಳೆಯದು, ಬರುತ್ತದೋ ಇಲ್ಲವೋ, ನೋಡೋಣ. ಸ್ಟೂಲಿನ ಒಂದು ಕಾಲು ಅಲ್ಲಾಡುತ್ತಿತ್ತು, ಗಡಿಯಾರದವನು ಬಂದು ಬಿಗಿ ಮಾಡಿ ಹೋದ.

ಅತ್ತೆ ಎರಡು ದಿನದಿಂದ ಯಾವ ಸೀರೆ ಎಂದು ಕೇಳುತ್ತಿದ್ದಾಳೆ. ನೀನು ಬಂದು ಉತ್ತರ ಕೊಡು.

ಇಳಿಯುವಾಗ ಎಂದಿನ ಹಾಗೆ "ಸ್ವಲ್ಪ ನೋಡ್ಕೊಳ್ಳಿ" ಎನ್ನಬೇಡ. ಚೀಲದ ಮೇಲೆ ಈಗಲೇ ಬರೆದು ಇಟ್ಟಿದ್ದೇನೆ.

2016. ಎಡಗೆನ್ನೆ, ಗಾಯದ ಗೆರೆ, 0 ನಿಮಿಷ.

ಮಾವ